ಕಿಂಗ್ಸ್‌ಬರಿಯಲ್ಲಿ ಸೂರ್ಯನನ್ನು ನಡುವೆ ನಿಲ್ಲಿಸಿದ್ದು

ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಒಂದು ಸಾಲನ್ನು ಒಪ್ಪಿಕೊಳ್ಳಲು ಯುರೋಪಿನ ಪಂಡಿತರಿಗೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು ಎಂದು ಪಾಠ ಹೇಳುವಾಗ ನನ್ನ ಶಾಲೆಯ ಮಕ್ಕಳು ನಗುತ್ತಾರೆ. ಅಷ್ಟು ದಡ್ಡರೇ ಅವರು ಎಂದು ಕೇಳುತ್ತಾರೆ. ಮೊದಲೆಲ್ಲ ಅವರ ಜೊತೆ ನಾನೂ ನಗುತ್ತಿದ್ದೆ. ಲಂಡನ್ನಿನ ಕಿಂಗ್ಸ್‌ಬರಿಯ ಶನಿವಾರದ ಕನ್ನಡ ತರಗತಿಯಲ್ಲಿ ಅದೇ ಕಥೆಯನ್ನು ಯುಗಾದಿಗೆ ನಾಟಕ ಮಾಡಿಸಲು ಹೋದ ಮೇಲೆ ನಗು ನಿಂತಿತು. ಒಂದು ಹಾಲ್, ಒಂದು ಸಮಿತಿ, ಒಬ್ಬ ಅಧ್ಯಕ್ಷರು, ಇಷ್ಟರ ಜೊತೆ ಏಗುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗಿತ್ತು. ಇಡೀ ಯುರೋಪು ನೂರು ವರ್ಷದಲ್ಲಿ ಒಪ್ಪಿತು ಎಂದರೆ ಬೇಗನೇ ಒಪ್ಪಿತು ಎಂದು ಈಗ ಅನಿಸುತ್ತದೆ.

ನಾನು ಲಂಡನ್ನಿನ ಇನ್ನೊಂದು ತುದಿಯ ಸಟನ್ನಿನ ಒಂದು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯ ಮೊದಲ ದಿನ ಇಂಗ್ಲಿಷಿನಲ್ಲಿ ನಡೆದ ಫಿಸಿಕ್ಸ್ ಪಾಠದ ಒಂದಕ್ಷರವೂ ತಿಳಿಯದೆ ಹಾಸ್ಟೆಲಿಗೆ ಬಂದು ಅತ್ತು, ಮರುದಿನ ಹೋಗಿ ಮುಂದಿನ ಬೆಂಚಿನಲ್ಲೇ ಕೂತೆ. ಹಾಗೆ ಕೂತು ಕೂತೇ ಧಾರವಾಡದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದೆ. ಮದುವೆಯಾಗಿ ಇಲ್ಲಿಗೆ ಬಂದಾಗ ಆ ಡಿಗ್ರಿಯನ್ನು ನೋಡಿ ಯಾರೂ ಬಾಗಿಲು ತೆರೆಯಲಿಲ್ಲ. ಮೊದಲು ತರಗತಿಯ ಸಹಾಯಕಿಯಾಗಿ ಪೆನ್ಸಿಲ್ ಚೂಪು ಮಾಡಿ, ಮತ್ತೆ ತರಬೇತಿಗೆ ಸೇರಿ, ಮತ್ತೆ ಪರೀಕ್ಷೆ ಬರೆದು ಟೀಚರ್ ಆದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆವರು ಸುರಿಸಿ ಗಳಿಸಿದ್ದನ್ನು ಮುಚ್ಚಿಡುವುದು ಯಾರಿಗಾಗಿ?

ಕನ್ನಡ ತರಗತಿಯಲ್ಲಿ ವಿಜ್ಞಾನಕ್ಕೆ ಒಂದು ಗಂಟೆ ಕೊಡಿ ಎಂದು ಸಮಿತಿಯ ಹಿಂದೆ ಬಿದ್ದು ಪಡೆದವಳೂ ನಾನೇ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡವೆಂದರೆ ಹಬ್ಬದ ಭಾಷೆ, ಅಜ್ಜಿಯ ವಿಡಿಯೊ ಕರೆಯ ಭಾಷೆ, ಅಮ್ಮನಿಗೆ ಸಿಟ್ಟು ಬಂದಾಗಿನ ಭಾಷೆ. ಅದರಲ್ಲಿ ಬೆಳಕು, ವೇಗ, ಗುರುತ್ವದ ಮಾತೂ ಆಡಬಹುದು ಎಂದು ಅವರಿಗೆ ಗೊತ್ತಿಲ್ಲ. ನಾನು ಮೊದಲು ವಿಜ್ಞಾನ ಕಲಿತದ್ದೇ ಆ ಭಾಷೆಯಲ್ಲಿ. ಹಾಗಾಗಿ ಪ್ರತಿ ಶನಿವಾರ ಸಟನ್ನಿನಿಂದ ವಿಕ್ಟೋರಿಯಾಕ್ಕೆ ರೈಲು, ಅಲ್ಲಿಂದ ನೆಲದಡಿಯ ಎರಡು ಟ್ಯೂಬ್ ರೈಲು ಹಿಡಿದು, ಅರ್ಧ ಲಂಡನ್ ದಾಟಿ ಆ ಒಂದು ಗಂಟೆಗಾಗಿ ಹೋಗುತ್ತೇನೆ. ಗಂಡ ಇದನ್ನು ಹುಚ್ಚು ಎನ್ನುತ್ತಾನೆ. ಇರಬಹುದು.

ತರಗತಿಯ ಅಧ್ಯಕ್ಷರು ಮೈಸೂರಿನವರು, ನಿವೃತ್ತ ಡಾಕ್ಟರು. ಇಲ್ಲಿನ ಆಸ್ಪತ್ರೆಗಳಲ್ಲಿ ಜೀವಮಾನವೆಲ್ಲ ದುಡಿದವರು. ಮಕ್ಕಳಿಗೆ ಡಾಕ್ಟರ್ ತಾತ. ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಮನೆಗೆ ಬರಬಹುದಿತ್ತು. ಎಲ್ಲರಿಗಿಂತ ಮೊದಲು ಬಂದು ಸಭಾಂಗಣದ ಹೀಟರ್ ಹಾಕುವವರು ಅವರು, ಮನೆಯಿಂದ ಫ್ಲಾಸ್ಕಿನಲ್ಲಿ ಡಿಕಾಕ್ಷನ್ ತಂದು ಎಲ್ಲರಿಗೂ ಕಾಫಿ ಬೆರೆಸಿ ಕೊಡುವವರೂ ಅವರೇ. ನಾಟಕದ ಮಾತು ಶುರುವಾದದ್ದು ಆ ಕಾಫಿಯ ಕಟ್ಟೆಯ ಹತ್ತಿರವೇ.

ನಾನು ಬರೆದ ನಾಟಕ ಸರಳವಾಗಿತ್ತು. ಮೊದಲು ಭೂಮಿ ನಡುವೆ ನಿಂತಿರುತ್ತಾಳೆ, ಎಲ್ಲರೂ ಅವಳನ್ನು ಸುತ್ತುತ್ತಾರೆ. ಪೋಲೆಂಡಿನ ಒಬ್ಬ ಚರ್ಚಿನ ಅಧಿಕಾರಿ ಬಂದು ಅವಳ ಕೈ ಹಿಡಿದು ಪಕ್ಕಕ್ಕೆ ಕರೆದು ಸೂರ್ಯನನ್ನು ನಡುವೆ ನಿಲ್ಲಿಸುತ್ತಾನೆ. ಜನ ಬೈಯುತ್ತಾರೆ. ಆಮೇಲೆ ಡೆನ್ಮಾರ್ಕಿನವನು, ಜರ್ಮನಿಯವನು, ಇಟಲಿಯವನು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಾತು ಸೇರಿಸುತ್ತಾರೆ. ಕೊನೆಗೆ ಎಲ್ಲರೂ ಸೂರ್ಯನನ್ನು ಸುತ್ತುತ್ತಾರೆ. ಡಾಕ್ಟರು ಓದಿ ತಲೆಯಾಡಿಸಿದರು.

"ಚೆನ್ನಾಗಿದೆಯಮ್ಮ. ಕೊನೇಲಿ ಒಂದು ಸೀನ್ ಸೇರಿಸಿಬಿಡು. ಇವರೆಲ್ಲ ಇಷ್ಟು ಒದ್ದಾಡಿದ ಮೇಲೆ ಒಬ್ಬ ಋಷಿ ಬರ್ತಾನೆ. ಪರದೆ ಸರಿಯುತ್ತೆ. ನವಗ್ರಹ. ಮಧ್ಯದಲ್ಲಿ ಯಾರು? ಸೂರ್ಯ. ಅಷ್ಟೆ. ನಮ್ಮೋರಿಗೆ ಯಾವತ್ತೋ ಗೊತ್ತಿತ್ತು ಅಂತ ಮಕ್ಕಳಿಗೂ ತಿಳಿಯುತ್ತೆ."

"ಸರ, ಅದು ಪೂಜಾಕ್ಕ ಇಟ್ಟ ಕ್ರಮರೀ. ಸೂರ್ಯ ಗ್ರಹಗಳ ಒಡೆಯ ಅಂತ ನಡುವ ಕುಂದರಿಸ್ಯಾರ. ಚಂದ್ರನೂ ಅದ ಸಾಲಿನಾಗ ಅದಾನ, ರಾಹು ಕೇತುನೂ ಅದಾರ. ರಾಹು ಅನ್ನೂ ಗ್ರಹ ಎಲ್ಲೈತ್ರೀ ಆಕಾಶದಾಗ?"

"ಅದು ಸಾಂಕೇತಿಕ ಕಣಮ್ಮ."

"ಮತ್ತ ಸೂರ್ಯ ನಡುವ ಇರೂದು ಸಾಂಕೇತಿಕ ಅಲ್ಲೇನ್ರಿ?"

ಅವರು ಚಮಚದಿಂದ ಕಾಫಿ ಕದಡಿದರು. "ಪಂಚಾಂಗ ನೋಡಮ್ಮ. ಯುಗಾದಿ ದಿನ ನಾನೇ ಓದ್ತೀನಿ. ಗ್ರಹಣ ಎಷ್ಟು ಹೊತ್ತಿಗೆ ಹಿಡಿಯುತ್ತೆ, ಎಷ್ಟು ಹೊತ್ತಿಗೆ ಬಿಡುತ್ತೆ, ಎಲ್ಲ ಕರೆಕ್ಟಾಗಿರುತ್ತೆ. ಗೊತ್ತಿಲ್ಲದೆ ಬರೆದರಾ?"

ಇಲ್ಲಿ ನನಗೆ ಉರಿಯಿತು. ಲೆಕ್ಕ ಸರಿ ಬಂದರೆ ಚಿತ್ರವೂ ಸರಿ ಎಂದು ತಿಳಿಯುವುದು ಎಷ್ಟು ಹಳೆಯ ತಪ್ಪು ಎಂದರೆ, ಯುರೋಪು ಸಾವಿರ ವರ್ಷಕ್ಕೂ ಮೇಲೆ ಅದನ್ನೇ ನಂಬಿ ಕೂತಿತ್ತು. ಗ್ರೀಕರು ಭೂಮಿಯನ್ನು ನಡುವೆ ಇಟ್ಟುಕೊಂಡೇ ಗ್ರಹಣ ಹೇಳುತ್ತಿದ್ದರು. ಮಂಗಳ ಆಗಾಗ ಹಿಂದಕ್ಕೆ ಸರಿದಂತೆ ಕಾಣುತ್ತದಲ್ಲ, ಅದಕ್ಕೆ ದೊಡ್ಡ ವರ್ತುಲದ ಮೇಲೆ ಒಂದು ಸಣ್ಣ ವರ್ತುಲ ಕೂಡಿಸಿ, ಅದರಲ್ಲಿ ಮಂಗಳನನ್ನು ಸುತ್ತಿಸಿ ಲೆಕ್ಕ ಸರಿ ಮಾಡಿದರು. ಹೊಂದದಿದ್ದಲ್ಲಿ ಇನ್ನೊಂದು ತಿದ್ದುಪಡಿ. ಲೆಕ್ಕದ ಕೆಲಸ ನಡೆಯುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಅವರಲ್ಲೇ ಒಬ್ಬ ಹಳೆಯ ಕಾಲದಲ್ಲೇ ಸೂರ್ಯ ನಡುವೆ ಇರಬೇಕು ಎಂದಿದ್ದ. ಅವನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಆಮೇಲೆ, ನಮ್ಮವರದ್ದೇ ಹೇಳಬೇಕೆಂದರೆ ಖರೇ ಇದ್ದದ್ದನ್ನು ಹೇಳೋಣ ಎಂದೆ. ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ, ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಹಿಂದೆ ಓಡಿದಂತೆ ಕಾಣುವ ಹಾಗೆ ನಮಗೆ ನಕ್ಷತ್ರಗಳು ಓಡುವಂತೆ ಕಾಣುತ್ತವೆ ಎಂದು ನಮ್ಮ ಹಳೆಯ ಗಣಿತಜ್ಞನೊಬ್ಬ ಸ್ಪಷ್ಟವಾಗಿ ಹೇಳಿದ್ದಾನೆ. ಆ ದೋಣಿಯ ದೃಶ್ಯ ಹಾಕೋಣ. ಅವನ ನಂತರ ಬಂದ ನಮ್ಮ ಪಂಡಿತರೇ ಅದನ್ನು ಒಪ್ಪಲಿಲ್ಲ, ಭೂಮಿ ತಿರುಗಿದರೆ ಹಾರಿಹೋದ ಹಕ್ಕಿ ತನ್ನ ಗೂಡಿಗೆ ಹೇಗೆ ಮರಳಿ ಬರುತ್ತದೆ ಎಂದು ಕೇಳಿದರು. ಅದನ್ನೂ ಹಾಕೋಣ.

"ಅಷ್ಟೇನಾ? ತನ್ನ ಸುತ್ತ ತಾನು ತಿರುಗೋದು ಮಾತ್ರ. ಸೂರ್ಯನ ಸುತ್ತ ಅಂತ ಹೇಳಿಲ್ಲವಲ್ಲ."

"ಹೇಳಿಲ್ರಿ. ಕೇರಳದಾಗ ಒಬ್ಬಾತ ಐದು ಗ್ರಹ ಸೂರ್ಯನ ಸುತ್ತ ತಿರಗತಾವು ಅಂತ ಲೆಕ್ಕ ಹಾಕ್ಯಾನ. ನಾಟಕದಾಗಿನ ಡೆನ್ಮಾರ್ಕಿನಾತ ಹಂಗ ಹೇಳೂಕಿಂತ ಮೊದಲ."

ಡಾಕ್ಟರ ಮುಖ ಅರಳಿತು. "ಮತ್ತೆ? ಇದನ್ನ ಮೊದಲೇ ಹೇಳಬಾರದಾ?"

"ಆದ್ರ ಆ ಸೂರ್ಯ ಮತ್ತ ಭೂಮಿ ಸುತ್ತ ತಿರಗತಾನ್ರಿ ಅದರಾಗ."

"ಅದನ್ನ ಬಿಟ್ಟುಬಿಡು."

ಬಿಟ್ಟುಬಿಡು. ನನ್ನ ಹದಿನೇಳು ವರ್ಷದ ಓದಿನ ಮೇಲೆ ಚಹಾ ಚೆಲ್ಲಿದಂತಾಯಿತು. ನಾನು ಆಗುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಮೆಲ್ಲಗೆ, ಗುಳಿಗೆ ಬರೆದುಕೊಡುವ ಧ್ವನಿಯಲ್ಲಿ ಹೇಳಿದರು: "ನೋಡಮ್ಮ, ಮುಂದಿನ ಟರ್ಮಿಗೆ ನಿನ್ನ ಗಂಟೇನ ಶ್ಲೋಕದ ಕ್ಲಾಸಿಗೆ ಕೊಡೋಣ ಅಂತ ಸಮಿತೀಲಿ ಕೆಲವರು ಹೇಳ್ತಿದಾರೆ. ನಾನೇ ತಡೆದಿರೋದು. ಈ ಒಂದು ಸೀನ್ ಇದ್ದರೆ ನನಗೂ ಅವರ ಬಾಯಿ ಮುಚ್ಚಿಸೋಕ್ಕೆ ಸುಲಭ."

ಇಷ್ಟು ಸಭ್ಯವಾದ ಬೆದರಿಕೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯೋಚಿಸುತ್ತೇನೆ ಎಂದು ಕಾಫಿ ಕುಡಿದು ಮಕ್ಕಳ ಕಡೆ ಹೋದೆ.

ಮಕ್ಕಳಿಗೆ ಆ ವಾರ ಗ್ರಹಗಳ ವಕ್ರಗತಿ ಹೇಳಬೇಕಿತ್ತು. ನಮ್ಮ ಜನಕ್ಕೆ ವಕ್ರ ಎಂದರೆ ಶಾಂತಿ ಮಾಡಿಸುವ ವಿಷಯ. ನಾನು ಅದಕ್ಕೆ ನಮ್ಮ ದಾರಿಯಲ್ಲಿ ಸಾಲು ಸಾಲು ಹಳಿ ಕೂಡುವ ಕ್ಲ್ಯಾಪಮ್ ಜಂಕ್ಷನ್ ನಿಲ್ದಾಣದ ಉದಾಹರಣೆ ಹೇಳಿದೆ. ನಿಮ್ಮ ರೈಲು ಪಕ್ಕದ ಹಳಿಯ ನಿಧಾನದ ರೈಲನ್ನು ದಾಟುವಾಗ ಕಿಟಕಿಯಿಂದ ನೋಡಿ, ಆ ರೈಲು ಹಿಂದಕ್ಕೆ ಹೋದಂತೆ ಕಾಣುತ್ತದೆ. ಅದು ಮುಂದಕ್ಕೇ ಹೋಗುತ್ತಿರುತ್ತದೆ, ನೀವು ಅದನ್ನು ದಾಟುತ್ತಿರುತ್ತೀರಿ, ಅಷ್ಟೆ. ಕುರ್ಚಿಗಳನ್ನು ಬದಿಗೆ ಸರಿಸಿ ಸೂರ್ಯನಾದ ಹುಡುಗನನ್ನು ನಡುವೆ ನಿಲ್ಲಿಸಿ, ಭೂಮಿಯನ್ನು ಒಳಗಿನ ಸುತ್ತಿನಲ್ಲಿ ಬೇಗ, ಮಂಗಳನನ್ನು ಹೊರಗಿನ ಸುತ್ತಿನಲ್ಲಿ ನಿಧಾನ ನಡೆಸಿದೆ. ಭೂಮಿಯಾದ ಹುಡುಗಿ ನಡೆಯುತ್ತ ನಡೆಯುತ್ತ ಮಂಗಳನ ಹಿಂದಿನ ಗೋಡೆಯ ಪೋಸ್ಟರುಗಳನ್ನು ಕೂಗಿ ಹೇಳಿದಳು, ಒಂದು ಕ್ಷಣ ಮಂಗಳ ನಿಜಕ್ಕೂ ಪೋಸ್ಟರಿನಿಂದ ಪೋಸ್ಟರಿಗೆ ಹಿಂದಕ್ಕೆ ಸರಿದ. ಅವಳ ತಾಯಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಬೆಳಗಾವಿ ಕಡೆಯವಳು, ಸಟನ್ನಿನಲ್ಲೇ ಮನೆ, ಆಸ್ಪತ್ರೆಯಲ್ಲಿ ಕೆಲಸ. ಎಷ್ಟೋ ಶನಿವಾರ ನಾವು ಒಂದೇ ರೈಲಿನಲ್ಲಿ ಬರುತ್ತಿದ್ದೆವು.

"ಹಂಗಾರ ಶನಿ ವಕ್ರ ಅಂದ್ರ ನಾವ ಓವರ್‌ಟೇಕ್ ಮಾಡಿದ್ದೇನ್ರಿ ಅಕ್ಕಾರ?"

"ಹೌದವಾ. ಅಷ್ಟ."

"ಮತ್ತ ಹ್ವಾದ ವರ್ಷ ನಮ್ಮತ್ತಿ ಮಾತ ಕೇಳಿ ನಾ ಎಷ್ಟ ಎಳ್ಳೆಣ್ಣಿ ಸುಟ್ಟೆ. ಫ್ಲಾಟಿನ ಸ್ಮೋಕ್ ಅಲಾರಂ ಸೈತ ಹೊಡಕೊಂಡಿತ್ತು."

ಪೋಲೆಂಡಿನವನ ದೊಡ್ಡ ಗೆಲುವು ಇದೇ ಆಗಿತ್ತು. ಹಿಂದಕ್ಕೆ ಸರಿಯುವ ಗ್ರಹಕ್ಕೆ ಅವನು ಪ್ರತ್ಯೇಕ ಯಂತ್ರ ಜೋಡಿಸಬೇಕಾಗಲಿಲ್ಲ, ನಾವೂ ಓಡುತ್ತಿದ್ದೇವೆ ಎಂದರೆ ಸಾಕಾಯಿತು. ಆದರೂ ಜನ ಒಪ್ಪಲಿಲ್ಲ. ಅವನ ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಅವನು ಸಾವಿನ ಹಾಸಿಗೆಯಲ್ಲಿದ್ದ. ಅವನೂ ವರ್ತುಲ ಬಿಡಲಾರದೆ ಸಣ್ಣ ವರ್ತುಲಗಳನ್ನು ಮತ್ತೆ ಸೇರಿಸಿಕೊಂಡಿದ್ದ. ಅವನ ಲೆಕ್ಕವನ್ನು ಎಷ್ಟೋ ಜನ ಬಳಸಿದರು, ಅವನ ಚಿತ್ರವನ್ನು ಮಾತ್ರ ಪಕ್ಕಕ್ಕಿಟ್ಟರು. ಡೆನ್ಮಾರ್ಕಿನವನು ದಡ್ಡನಲ್ಲ, ಭೂಮಿ ಅಷ್ಟು ದೂರ ಸುತ್ತುವುದಾದರೆ ನಕ್ಷತ್ರಗಳು ಆಚೀಚೆ ಸರಿದಂತೆ ಕಾಣಬೇಕಿತ್ತಲ್ಲ, ಯಾಕೆ ಕಾಣುವುದಿಲ್ಲ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನಕ್ಷತ್ರಗಳು ಊಹಿಸಲಾರದಷ್ಟು ದೂರ ಇವೆ ಎಂಬುದೇ ಉತ್ತರ, ಆದರೆ ಅದನ್ನು ಆಗ ಯಾರಿಗೂ ತೋರಿಸಲಾಗುತ್ತಿರಲಿಲ್ಲ. ಈ ಜನರನ್ನು ನೋಡಿ ನಗಬೇಡಿ ಎಂದು ಈಗ ನಾನು ಮಕ್ಕಳಿಗೆ ಹೇಳುತ್ತೇನೆ. ಒಪ್ಪದವರ ಕೈಯಲ್ಲೂ ಕಾರಣಗಳಿದ್ದವು.

ಡಾಕ್ಟರಿಗೆ ಕಾರಣ ಹೇಳಿ ಪ್ರಯೋಜನವಿಲ್ಲ, ಕಣ್ಣಿಗೆ ತೋರಿಸಬೇಕು ಎಂದು ನನ್ನ ಶಾಲೆಯ ದೂರದರ್ಶಕ ಕೇಳಿ ತಂದೆ. ಅದನ್ನು ಹೊತ್ತು ಟ್ಯೂಬಿನಲ್ಲಿ ಬರುವಾಗ ಜನ ನಾನು ಏನೋ ಬಂದೂಕು ತಂದಂತೆ ನೋಡಿದರು. ಆ ದಿನಗಳಲ್ಲಿ ಸಂಜೆ ಪಶ್ಚಿಮದಲ್ಲಿ ಶುಕ್ರ ಹೊಳೆಯುತ್ತಿತ್ತು, ಅಂದರೆ ಹೊಳೆಯುತ್ತಿದೆ ಎಂದು ಪುಸ್ತಕ ಹೇಳುತ್ತಿತ್ತು. ನಮಗೆ ಕಂಡದ್ದು ಮೋಡ. ಮುಂದಿನ ಶನಿವಾರವೂ ಮೋಡ. ಅದರ ಮುಂದಿನ ವಾರ ಮಂಜು, ಎದುರಿನ ಬಸ್ ಸ್ಟಾಪೇ ಕಾಣಲಿಲ್ಲ. ಡಾಕ್ಟರು ಪ್ರತಿ ಸಲ ನನ್ನ ಜೊತೆ ಕಾರ್ ಪಾರ್ಕಿಗೆ ಬಂದು, ಮಫ್ಲರ್ ಸುತ್ತಿಕೊಂಡು ತಾಳ್ಮೆಯಿಂದ ನಿಂತು, "ನಮ್ಮ ಪಂಚಾಂಗಕ್ಕೆ ಈ ತೊಂದರೆ ಇಲ್ಲ ನೋಡು," ಎಂದು ಒಳಗೆ ಹೋಗುತ್ತಿದ್ದರು. ಈ ಊರಿನಲ್ಲಿ ಖಗೋಳಶಾಸ್ತ್ರ ಹೇಗೆ ಬೆಳೆಯಿತೋ ಆ ದೇವರಿಗೇ ಗೊತ್ತು.

ಕೊನೆಗೆ ಒಂದು ಸಂಜೆ ಆಕಾಶ ತೆರೆಯಿತು. ಎಳೆಯ ಚಂದ್ರನೂ ಶುಕ್ರನೂ ಅಕ್ಕಪಕ್ಕ ಇದ್ದರು. ಡಾಕ್ಟರು ಬಗ್ಗಿ ಕಣ್ಣಿಟ್ಟರು.

"ಇದು ಚಂದ್ರ ಅಲ್ವೇನಮ್ಮ?"

"ಚಂದ್ರ ಅಕಾ ಅಲ್ಲಿ ಮ್ಯಾಲೈತಿ ನೋಡ್ರಿ. ಇದು ಶುಕ್ರ."

"ಶುಕ್ರನಿಗೂ ಬಿದಿಗೆ ತದಿಗೆ ಇದೆಯಾ?"

ಅವರು ಬಹಳ ಹೊತ್ತು ನೋಡಿದರು. ನನಗೆ ಆಸೆ ಹುಟ್ಟಿತು. ಇಟಲಿಯವನು ಇದನ್ನೇ ನೋಡಿದ್ದ ಎಂದು ಹೇಳಿದೆ. ಶುಕ್ರ ಬಿದಿಗೆಯಾಗಿ, ಅರ್ಧವಾಗಿ, ಹೆಚ್ಚುಕಡಿಮೆ ಪೂರ್ಣವಾಗಿ ಬೆಳೆಯುತ್ತದೆ. ಅದು ಸೂರ್ಯನ ಈಚೆಗೂ ಆಚೆಗೂ ಹೋದರೆ ಮಾತ್ರ ಹಾಗೆ ಕಾಣಲು ಸಾಧ್ಯ. ಅಂದರೆ ಶುಕ್ರ ಸುತ್ತುವುದು ನಮ್ಮನ್ನಲ್ಲ, ಸೂರ್ಯನನ್ನು. ಜೊತೆಗೆ, ಓದಿದ ತಪ್ಪಿಗೆ, ಇನ್ನೂ ಒಂದು ಮಾತು ಹೇಳಲೇಬೇಕಾಯಿತು: ಇಷ್ಟರಿಂದ ಭೂಮಿಯೂ ಸುತ್ತುತ್ತದೆ ಎಂದು ಸಾಬೀತಾಗುವುದಿಲ್ಲ, ಗ್ರಹಗಳು ಸೂರ್ಯನನ್ನೂ ಸೂರ್ಯ ಭೂಮಿಯನ್ನೂ ಸುತ್ತುವ ಡೆನ್ಮಾರ್ಕಿನವನ ಚಿತ್ರದಲ್ಲೂ ಶುಕ್ರ ಹೀಗೆಯೇ ಕಾಣುತ್ತದೆ.

ಡಾಕ್ಟರು ನೆಟ್ಟಗೆ ನಿಂತು ಬೆನ್ನು ಸವರಿಕೊಂಡರು. "ಒಪ್ಪಿದೆ. ಶುಕ್ರ ಸೂರ್ಯನ್ನೇ ಸುತ್ತುತ್ತೆ. ನವಗ್ರಹದಲ್ಲೂ ಹಾಗೇ ಇದೆಯಲ್ಲಮ್ಮ."

ನಾನು ದೂರದರ್ಶಕದ ಮುಚ್ಚಳ ಹಾಕಿದೆ. ಮಾತಾಡಿದ್ದರೆ ಬಾಯಲ್ಲಿ ಏನು ಬರುತ್ತಿತ್ತೋ. ಅವರೇ ಮುಂದುವರಿದರು, ನನ್ನ ಕಡೆ ನೋಡದೆ. "ನಾನು ಬಂದ ಹೊಸದರಲ್ಲಿ ವಾರ್ಡಿನಲ್ಲಿ ಒಬ್ಬ ಮುದುಕ ನನ್ನ ಕೈ ತಳ್ಳಿ, ನಿಮ್ಮ ದೇಶದಲ್ಲಿ ಡಾಕ್ಟರಿದಾರಾ ಅಂದ. ಪಕ್ಕದ ಬೆಡ್ಡಿನವರೆಲ್ಲ ನಕ್ಕರು. ಆಗ ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಈ ಮಕ್ಕಳ ಬಾಯಲ್ಲಿ ಇರಲಿ ಅಂತ."

ನನ್ನ ಡಿಗ್ರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಎಲ್ಲಿಯ ಯೂನಿವರ್ಸಿಟಿ ಎಂದು ಕೇಳಿದ ಮುಖಗಳು ನನಗೂ ನೆನಪಿವೆ. ಆದರೆ ಆ ಮುದುಕನಿಗೆ ಸುಳ್ಳು ಉತ್ತರ ಕೊಟ್ಟರೆ ಅವನೇ ಗೆದ್ದಂತಲ್ಲವೇ? ಹೀಗೆಂದು ಆಗ ಹೊಳೆಯಲಿಲ್ಲ, ಮನೆಗೆ ಹೋಗುವ ರೈಲಿನಲ್ಲಿ ಹೊಳೆಯಿತು. ಹೊಳೆದಾಗ ಹೇಳಲು ಎದುರಿಗೆ ಡಾಕ್ಟರಿರಲಿಲ್ಲ. ಇನ್ನಷ್ಟು ಸಿಟ್ಟು ಬಂತು.

ಅದೇ ರೈಲಿನಲ್ಲಿ ಅಪ್ಪನೂ ನೆನಪಾದ. ಡಿಗ್ರಿ ಮುಗಿಸಿ ಊರಿಗೆ ಹೋದಾಗ ಏನು ಕಲಿತೆ ಎಂದು ಕೇಳಿದ್ದ. ಭೂಮಿ ತಿರುಗುವುದನ್ನು ಹೇಳಿದೆ. "ತಿರಗತೈತಿ ಅಂದ್ರ ಮತ್ತ ತೆಲಿ ಮ್ಯಾಲಿನ ಗಂಟ ಯಾಕ ಬೀಳೂದಿಲ್ಲ?" ಎಂದ. ಓಡುವ ಬಸ್ಸಿನೊಳಗೆ ಗಂಟು ಬಸ್ಸಿನ ಜೊತೆಗೇ ಓಡುವುದಿಲ್ಲವೇ ಎಂದು ಶುರು ಮಾಡಿದೆ. ಅವನು ಅರ್ಧಕ್ಕೇ ಕೈ ಮಾಡಿದ. "ಬಿಡವಾ, ನೀ ಕಲ್ತಾಕಿ. ನೀ ಹೇಳಿದ ಮ್ಯಾಲ ಖರೇನ ಇರ್ತೈತಿ." ಅವನಿಗೆ ಅದು ಅಭಿಮಾನ. ನನಗೆ ಬೇಜಾರಾಯಿತು. ಬಹುತೇಕ ಜಗತ್ತು ಭೂಮಿ ಸುತ್ತುವುದನ್ನು ಒಪ್ಪಿರುವುದು ಹೀಗೆಯೇ: ಕಲಿತವರು ಹೇಳಿದರು, ಖರೇ ಇರಬೇಕು. ಹಾಗಾದರೆ ಕಲಿತವಳು ಸುಳ್ಳು ಹೇಳಿದರೂ ಖರೇ ಆಗುತ್ತದೆ. ಕಿಂಗ್ಸ್‌ಬರಿಯ ಆ ವೇದಿಕೆಯ ಮೇಲೆ ಫಿಸಿಕ್ಸ್ ಟೀಚರ್ ಬರೆದ ನಾಟಕದಲ್ಲಿ ಋಷಿ ಬಂದು ನವಗ್ರಹ ತೋರಿಸಿದರೆ, ಆ ಮಕ್ಕಳು ನಾಳೆ ತಮ್ಮ ಶಾಲೆಯಲ್ಲಿ ಎದ್ದು ನಿಂತು ಅದನ್ನೇ ಹೇಳುತ್ತಾರೆ. ನನ್ನ ಹೆಸರು ಹೇಳಿ ಹೇಳುತ್ತಾರೆ.

ಮುಂದಿನ ವಾರ ಡಾಕ್ಟರಿಗೆ ನೇರ ಹೇಳಿದೆ. "ಸರ, ಆ ಸೀನು ನಾ ಬರಿಯೂದಿಲ್ಲ. ನನ್ನ ತಾಸು ಹೋದ್ರ ಹೋಗಲಿ."

ಆ ಗಂಟೆ ನನಗೆ ಎಷ್ಟು ಬೇಕಾಗಿತ್ತು ಎಂದು ಆಗಲೇ ತಿಳಿದದ್ದು. ಅವರು, "ಆಯ್ತಮ್ಮ, ನೀನು ಬರೀಬೇಡ. ಅದನ್ನ ನಾನೇ ಮಾಡಿಸ್ತೀನಿ," ಎಂದರು. ಗ್ರಾಂಡ್ ರಿಹರ್ಸಲ್ ಅವತ್ತೇ ಇತ್ತು. ನಾನು ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಬಾಯಿ ತೆರೆಯುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ನನಗೆ ಅದು ಎಷ್ಟು ಕಷ್ಟದ ಕೆಲಸ ಎಂದು ಬಲ್ಲವರು ಬಲ್ಲರು.

ನಾಟಕ ಸರಿಯಾಗಿಯೇ ನಡೆಯಿತು. ಕೊನೆಗೆ ಡಾಕ್ಟರು ವೇದಿಕೆ ಹತ್ತಿ, ಫೋನಿನಲ್ಲಿ ದಿಕ್ಸೂಚಿ ತೆರೆದು, ಶಾಸ್ತ್ರದ ಪ್ರಕಾರ ಮಕ್ಕಳನ್ನು ನಿಲ್ಲಿಸತೊಡಗಿದರು. ನಡುವೆ ಸೂರ್ಯ. ಪೂರ್ವಕ್ಕೆ ಶುಕ್ರ, ಆಗ್ನೇಯಕ್ಕೆ ಚಂದ್ರ, ದಕ್ಷಿಣಕ್ಕೆ ಮಂಗಳ. ಡೆನ್ಮಾರ್ಕಿನವನ ಬಣ್ಣದ ಮೀಸೆ ಒರೆಸಿ ಅವನನ್ನು ರಾಹು ಮಾಡಿದರು, ಇಟಲಿಯವನನ್ನು ಕೇತು ಮಾಡಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೊಂದು ದಿಕ್ಕಿಗೆ ನಿಂತರು. ಒಪ್ಪಿಕೊಳ್ಳಲೇಬೇಕು, ನೋಡಲು ಚೆಂದವಿತ್ತು. ಭೂಮಿಯಾಗಿದ್ದ ಹುಡುಗಿ ಮಾತ್ರ ಪಕ್ಕದಲ್ಲಿ ಕಾಯುತ್ತಿದ್ದಳು. ಈಸ್ಟ್ ಹ್ಯಾಮಿನ ಅಂಗಡಿಯಿಂದ ನೀಲಿ ಸೀರೆ ತಂದು ಅವಳ ತಾಯಿ ಲಂಗ ಹೊಲಿದಿದ್ದಳು, ಅದರ ಮೇಲೆ ಹಸಿರು ಬಟ್ಟೆಯ ಖಂಡಗಳು.

"ಡಾಕ್ಟರ್ ತಾತ, ವೇರ್ ಡು ಐ ಸ್ಟ್ಯಾಂಡ್?"

ಡಾಕ್ಟರು ತಿರುಗಿ ನೋಡಿದರು. ಮತ್ತೆ ವರ್ತುಲ ನೋಡಿದರು. ನಾನೂ ನೋಡಿದೆ. ಇಷ್ಟು ವಾರ ರಾಹು ಚಂದ್ರ ಎಂದು ವಾದ ಹೂಡಿದ ನನಗೆ ಇದು ಹೊಳೆದೇ ಇರಲಿಲ್ಲ. ನವಗ್ರಹದಲ್ಲಿ ಭೂಮಿ ಇಲ್ಲ. ಭೂಮಿಯ ಮೇಲೆ ನಿಂತು ನೋಡಿದವರು ಮಾಡಿದ ಸಾಲು ಅದು, ಅದರಲ್ಲಿ ಭೂಮಿ ಹೇಗೆ ಇರುತ್ತದೆ?

"ನೀನು... ನೀನು ಪ್ರದಕ್ಷಿಣೆ ಹಾಕು ಪುಟ್ಟ. ಭಕ್ತರ ಹಾಗೆ, ಹೊರಗಡೆಯಿಂದ."

"ಬಟ್ ಐ ಆ್ಯಮ್ ದಿ ಅರ್ತ್."

ಅವಳು ಹೊರಗಿನಿಂದ ಸುತ್ತಲು ಶುರು ಮಾಡಿದಳು. ಆಗ್ನೇಯದಲ್ಲಿದ್ದ ಚಂದ್ರ ತನ್ನ ಜಾಗ ಬಿಟ್ಟು ಅವಳ ಹಿಂದೆ ಹೊರಟ. ಇಷ್ಟು ವಾರ ಅವನಿಗೆ ನಾನು ಕಲಿಸಿದ ಒಂದೇ ಕೆಲಸ ಅವಳನ್ನು ಸುತ್ತುವುದು.

"ನೀನು ಅಲ್ಲೇ ನಿಲ್ಲೋ ಮರಿ. ಆಗ್ನೇಯ, ಆಗ್ನೇಯ."

ಅಷ್ಟರಲ್ಲಿ ಬೆಳಗಾವಿಯವಳು ಎದ್ದು ನಿಂತಳು. "ಸರ, ಅಂದ್ರ ಕೊನಿ ಸೀನಿನಾಗ ನನ್ನ ಮಗಳಿಗೆ ಜಾಗಾನ ಇಲ್ಲೇನ್ರಿ?"

"ಇದೆಯಮ್ಮ, ಸುತ್ತಾ ಇದಾಳಲ್ಲ."

"ಎಲ್ಲಾರೂ ಒಳಗ, ಅಕಿ ಒಬ್ಬಾಕಿ ಹೊರಗ. ಭೂಮಿ ಸಲುವಾಗಿ ಮಾಡಿದ ನಾಟಕ ಭೂಮ್ತಾಯಿನ್ನ ಹೊರಗ ಹಾಕಿ ಮುಗಸ್ತೀರಿ? ಒಂದ ವಾರ ಕುಂತ ಹೊಲಿದೀನ್ರಿ ಆ ಲಂಗ. ನೈಟ್ ಶಿಫ್ಟ್ ಮಾಡಿ ಬಂದು ಹೊಲಿದೀನಿ."

ಡಾಕ್ಟರು ಯೋಚಿಸಿ, "ಸರಿ, ಕೇತುವಿನ ಜಾಗಕ್ಕೆ ಬರಲಿ," ಎಂದರು. ಈಗ ಕೇತುವಿನ ಅಜ್ಜಿಯ ಸರದಿ. ಬೆಂಗಳೂರಿನಿಂದ ಮೊಮ್ಮಗನ ನಾಟಕ ನೋಡಲೆಂದೇ ಬಂದವರು.

"ಕೇತೂನ ತೆಗೆದರೆ ಅದು ನವಗ್ರಹ ಹೇಗಾಗುತ್ತೆ ಡಾಕ್ಟ್ರೇ? ಹಬ್ಬದ ದಿನ ಹಾಗೆಲ್ಲ ಆಟ ಆಡಬಾರದು."

ಹಾಗಾದರೆ ಭೂಮಿ ಸೂರ್ಯನ ಪಕ್ಕ ನಿಲ್ಲಲಿ ಎಂದರು ಡಾಕ್ಟರು. ಸೂರ್ಯನ ಪಕ್ಕ ಉಷಾ ಛಾಯಾ ಇರಬೇಕು, ಭೂದೇವಿ ವಿಷ್ಣುವಿನ ಹೆಂಡತಿ ಎಂದರು ಅಜ್ಜಿ. ಹಾಗಾದರೆ ಒಂದು ಕುರ್ಚಿ ಹಾಕಿ ಹಿಂದೆ ಎತ್ತರದಲ್ಲಿ ನಿಲ್ಲಿಸೋಣ ಎಂದರು ಡಾಕ್ಟರು. ಎತ್ತರದಲ್ಲಿ ಋಷಿ ನಿಂತಿದ್ದ. ನಾನು ಹಿಂದೆ ಕೂತು ನೋಡುತ್ತಿದ್ದೆ. ಹೊಂದದಿದ್ದಲ್ಲೆಲ್ಲ ಒಂದು ಸಣ್ಣ ವರ್ತುಲ, ಅದರ ಮೇಲೆ ಇನ್ನೊಂದು. ಸಾವಿರ ವರ್ಷದ ಖಗೋಳಶಾಸ್ತ್ರ ಕಾಲು ಗಂಟೆಯಲ್ಲಿ ನನ್ನ ಕಣ್ಣೆದುರು ನಡೆದುಹೋಯಿತು.

ಕೊನೆಗೆ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಹಾಲ್ ಖಾಲಿ ಮಾಡೋ ಹೊತ್ತಾಯ್ತು. ಆ ದೋಣಿದು ಏನೋ ಹೇಳಿದ್ದೆಯಲ್ಲಮ್ಮ, ಅದನ್ನೇ ಹಾಕಿಬಿಡು."

ನಾನು ಗೆದ್ದೆ ಎಂದು ನೀವು ಅಂದುಕೊಳ್ಳಬಹುದು. ನನಗೆ ಹಾಗೆ ಅನಿಸಲಿಲ್ಲ. ನನ್ನ ಕಾರಣ ಒಂದನ್ನೂ ಅವರು ಒಪ್ಪಿರಲಿಲ್ಲ. ದೂರದರ್ಶಕ ಹೊತ್ತದ್ದು, ಗ್ರೀಕರು, ಶುಕ್ರನ ಬಿದಿಗೆ ಎಲ್ಲ ದಂಡ. ಒಂದು ಲಂಗ, ಒಂದು ಅಜ್ಜಿ, ಹಾಲ್ ಮುಚ್ಚುವ ಹೊತ್ತು, ಇವು ಮೂರು ಸೇರಿ ನನ್ನ ಕೆಲಸ ಮಾಡಿದ್ದವು. ಆದರೆ ಯುರೋಪಿನಲ್ಲೂ ಇದಕ್ಕಿಂತ ಬಹಳ ಬೇರೆಯಾಗಿ ಆಗಲಿಲ್ಲ. ಜರ್ಮನಿಯವನು ವರ್ತುಲ ಬಿಟ್ಟು ಗ್ರಹಗಳನ್ನು ದೀರ್ಘವೃತ್ತದ ದಾರಿಯಲ್ಲಿ ಓಡಿಸಿದ ಮೇಲೆ ಅವನ ಲೆಕ್ಕ ಎಲ್ಲರ ಲೆಕ್ಕಕ್ಕಿಂತ ಚೆನ್ನಾಗಿ ಬಂತು, ಅದಕ್ಕೇ ಜನ ಅದನ್ನು ಹಿಡಿದರು. ಹಳಬರು ಹೋದರು, ಹೊಸಬರು ಅದನ್ನೇ ಓದಿ ಬೆಳೆದರು. ಇಂಗ್ಲೆಂಡಿನವನೊಬ್ಬ ಗುರುತ್ವದ ನಿಯಮ ಹೇಳಿ ಎಲ್ಲವನ್ನೂ ಒಂದೇ ದಾರಕ್ಕೆ ಕಟ್ಟಿದ. ಭೂಮಿ ಓಡುತ್ತಿದೆ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು ಇದೆಲ್ಲ ಆದ ಮೇಲೆ, ಇದೇ ಲಂಡನ್ನಿನಲ್ಲಿ: ಕ್ಯೂ ಎಂಬ ಊರಿನ ಹತ್ತಿರದ ಮನೆಯೊಂದರ ಚಿಮಣಿಗೆ ದೂರದರ್ಶಕ ಕಟ್ಟಿ, ನೆತ್ತಿಯ ಮೇಲೆ ಹಾಯುವ ಒಂದು ನಕ್ಷತ್ರವನ್ನು ವರ್ಷವಿಡೀ ಕಾದು, ಅದು ಕೂದಲೆಳೆಯಷ್ಟು ಸರಿದು ಮತ್ತೆ ಮರಳುವುದನ್ನು ಕಂಡಾಗ. ಅಷ್ಟು ಹೊತ್ತಿಗೆ ಕಲಿತವರೆಲ್ಲ ಒಪ್ಪಿಯಾಗಿತ್ತು. ಸಾಕ್ಷಿ ಕೊನೆಗೆ ಬಂತು, ಒಪ್ಪಿಗೆ ಮೊದಲೇ ಬಂದಿತ್ತು. ಇದನ್ನು ಪಾಠದಲ್ಲಿ ಹೇಳುವಾಗ ಪ್ರತಿ ಸಲ ನನಗೆ ಸಿಟ್ಟು ಬರುತ್ತದೆ.

ಯುಗಾದಿಯ ದಿನ ನಾಟಕ ನಡೆಯಿತು. ದೋಣಿಯಲ್ಲಿ ಭೂಮಿ ಕೂತಿದ್ದಳು, ಚಂದ್ರ ಹುಟ್ಟು ಹಾಕಿದ. ಚಪ್ಪಾಳೆ ಬಿತ್ತು. ಆಮೇಲೆ ಡಾಕ್ಟರು ಪಂಚಾಂಗ ಓದಿ, ವಂದನಾರ್ಪಣೆಯಲ್ಲಿ ಸಾವಕಾಶವಾಗಿ, "ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು, ನಮ್ಮ ದೇವಸ್ಥಾನಗಳಲ್ಲಿ ಸೂರ್ಯನೇ ಮಧ್ಯದಲ್ಲಿದ್ದಾನೆ," ಎಂದೂ ಹೇಳಿದರು. ಅದಕ್ಕೂ ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದ ಬೆಳಗಾವಿಯವಳು, "ತಡ್ಕೋರಿ ಅಕ್ಕಾರ," ಎಂದು ನನ್ನ ಮೊಣಕೈ ಹಿಡಿದಳು. ತಡೆದುಕೊಂಡೆ.

ಊಟ ಮುಗಿದ ಮೇಲೆ ಕಾಫಿಯ ಕಟ್ಟೆಯ ಹತ್ತಿರ ಡಾಕ್ಟರು ನನಗೊಂದು ಲೋಟ ಕೊಟ್ಟರು.

"ಮುಂದಿನ ಟರ್ಮಿಗೆ ನಿನ್ನ ಗಂಟೇಲಿ ಏನು ಮಾಡಿಸ್ತೀಯ?"

ನನ್ನ ಗಂಟೆ ಉಳಿದಿದೆ ಎಂದು ನನಗೆ ತಿಳಿದದ್ದು ಹೀಗೆ. ಬೇರೆ ಮಾತಿಲ್ಲ, ಸಮಿತಿಯ ಸುದ್ದಿಯಿಲ್ಲ. ಇನ್ನೂ ಯೋಚಿಸಿಲ್ಲ ಎಂದೆ.

"ಸೊನ್ನೆ ಮಾಡಿಸು. ಅದು ನಮ್ಮದೇ. ಅದರಲ್ಲಿ ನೀನೂ ತಕರಾರು ತೆಗೆಯೋಕ್ಕಾಗಲ್ಲ."

"ಇಲ್ರಿ ಸರ, ಅದು ನಮ್ಮದ. ಆದ್ರ ಅದನ್ನ ಯುರೋಪಿಗೆ ಮುಟ್ಟಿಸಿದವರು ಅರಬರು. ಅದನ್ನೂ ಹೇಳ್ತೀನಿ."

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಉಸಿರು ಬಿಟ್ಟರು. "ಹೇಳ್ತೀಯ ಅಂತ ಗೊತ್ತಿತ್ತು. ಹೇಳು. ಆದ್ರೆ ಕೊನೇಲಿ, ಒಂದೇ ಮಾತಲ್ಲಿ."

"ನಡುವ ಹೇಳ್ತೀನ್ರಿ," ಎಂದೆ, "ಪೂರ್ತಿ ಹೇಳ್ತೀನಿ."